ಎಡಗಡೆ ತಟ್ಟೆಯ ಹಣ್ಣು

ಆತ ಸತ್ತು ಇಪ್ಪತ್ತು ದಿನವಾಯಿತು. ಆತನ ವೈನ್ ಅಂಗಡಿಯ ಗಿರಾಕಿಗಳದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಇಷ್ಟು ದಿನ ಕೈಮುಗಿದ ಚಿತ್ರ, ಉರಿಯುವ ದೀಪ, 'ಓಂ ಶಾಂತಿ' ಇವೇ ತುಂಬಿಕೊಂಡಿದ್ದವು. ಮೊನ್ನೆ ಗೊಬ್ಬರದಂಗಡಿಯ ಸಿದ್ದರಾಜು ಫೋನ್ ಮಾಡಿದ. ಅವನ ಅಂಗಡಿ ಇರುವುದು ಆತನ ಅಂಗಡಿಗೆ ಅಂಟಿಕೊಂಡಂತೆ, ನಂಜನಗೂಡಿನ ಬೈಪಾಸ್ ರಸ್ತೆಯಲ್ಲಿ.

"ಮೇಷ್ಟ್ರೇ, ಅವ್ರದ್ದೊಂದು ಫೋಟೊ ಫ್ರೇಮ್ ಮಾಡಿಸ್ತಾ ಇದ್ದೀವಿ. ಕೆಳ್ಗಡೆ ಹಾಕಾಕೆ ನಾಕು ಒಳ್ಳೆ ಮಾತು ಬರ್ಕೊಡಿ. ನಿಮ್ಗೂ ಅವ್ರಿಗೂ ಬೋ ವಿಶ್ವಾಸ ಅಲ್ವಾ" ಅಂದ.

ವಿಶ್ವಾಸವಂತೆ. ಆ ಮನುಷ್ಯ ಅಂಗಡಿ ಇಟ್ಟಿದ್ದು ಆರು ವರ್ಷ. ಆರು ವರ್ಷವೂ ನಾನು ಆತನನ್ನು ಮನಸ್ಸಿನಲ್ಲಿ ಬೈದುಕೊಂಡೇ ಆತನ ಕುರ್ಚಿಯಲ್ಲಿ ಕೂತಿದ್ದೇನೆ, ಆತ ಕೊಟ್ಟದ್ದನ್ನು ಕುಡಿದಿದ್ದೇನೆ, ಆತ ಮಾಡಿದ್ದನ್ನು ತಿಂದಿದ್ದೇನೆ. ನಾಲ್ಕು ಒಳ್ಳೆಯ ಮಾತು ನನ್ನಲ್ಲಿಲ್ಲ. ಇರುವುದನ್ನು ಬರೆಯುತ್ತೇನೆ. ಸಿದ್ದರಾಜು ಬೇಕಾದರೆ ಬೇರೆಯವರ ಹತ್ತಿರ ಬರೆಸಿಕೊಳ್ಳಲಿ.

ನಮ್ಮ ಕಡೆ ವೈನ್ ಶಾಪ್ ಅಂದರೆ ಕಬ್ಬಿಣದ ಜಾಲರಿ, ಜಾಲರಿಯಲ್ಲೊಂದು ಕಿಂಡಿ, ಕಿಂಡಿಯೊಳಗೊಂದು ಕೈ. ಬ್ರಾಂದಿ, ವಿಸ್ಕಿ, ರಮ್ಮು ಎಲ್ಲ ಸಿಗುತ್ತದೆ, ವೈನ್ ಒಂದನ್ನು ಬಿಟ್ಟು. ಆತ ತೆರೆದದ್ದು ದ್ರಾಕ್ಷಿಯ ವೈನ್ ಮಾತ್ರ ಮಾರುವ ಅಂಗಡಿ. ಗೋಡೆಗೆ ಮರದ ಹಲಗೆ, ಹಲಗೆಯ ಮೇಲೆ ಮಲಗಿಸಿದ ಬಾಟಲಿಗಳು, ನಡುವೆ ಉದ್ದನೆಯದೊಂದು ಮೇಜು, ಹನ್ನೆರಡು ಕುರ್ಚಿ. ಕೂರಿಸಿ ರುಚಿ ನೋಡಿಸಲು ಪರವಾನಗಿ ಇದೆಯೆಂದು ಆ ಕಾಗದಕ್ಕೆ ಗಾಜು ಹಾಕಿಸಿ ಬಾಗಿಲ ಎದುರೇ ತೂಗುಹಾಕಿದ್ದ. ಹದಿನೆಂಟು ವರ್ಷ ಗೋವಾದ ಯಾವುದೋ ದೊಡ್ಡ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿ ಬಂದವನು. ಅಲ್ಲಿ ಆತ ಕಲಿತದ್ದು ಎರಡು. ಒಂದು, ಬಾಟಲಿಗಳ ಹೆಸರು. ಇನ್ನೊಂದು, ಯಾರೇ ಬಂದರೂ ಬೆನ್ನು ಬಗ್ಗಿಸುವುದು. ಮೊದಲನೆಯದನ್ನು ಅಷ್ಟಿಷ್ಟು ಮರೆತಿರಬಹುದು, ಎರಡನೆಯದನ್ನು ಸಾಯುವವರೆಗೂ ಮರೆಯಲಿಲ್ಲ.

ಅಂಗಡಿ ತೆರೆದ ಹೊಸದರಲ್ಲಿ ಫ್ಯಾಕ್ಟರಿ ಕೆಲಸದವನೊಬ್ಬ ಪಾಳಿ ಮುಗಿಸಿ ಬಂದು "ಒಂದು ಕ್ವಾರ್ಟರ್ ಕೊಡಿ ಸಾ" ಅಂದ. ಇಲ್ಲ ಅಂತ ಕಳಿಸುವುದು ಬಿಟ್ಟು ಆತ ಅವನನ್ನು ಒಳಗೆ ಕೂರಿಸಿದ. ಉದ್ದ ಕಾಲಿನ ಗಾಜಿನ ಲೋಟದಲ್ಲಿ ಎರಡು ಗುಟುಕು ಕೆಂಪು ವೈನ್ ಹಾಕಿ, ಗರಗರ ತಿರುಗಿಸಿ, ಮೂಗಿನ ಹತ್ತಿರ ಹಿಡಿದ. "ಮೊದ್ಲು ಮೂಗು, ಆಮೇಲೆ ನಾಲಿಗೆ. ಈಗ ಹೇಳಿ, ಏನ್ ವಾಸನೆ ಬರ್ತಾ ಇದೆ?" ಪಾಪ, ಅವನು ಎರಡು ಸಲ ಮೂಸಿ ನೋಡಿ "ವೈನ್ ವಾಸ್ನೆ ಬತ್ತಾ ಅದೆ ಸಾ" ಅಂದ. ಆತ ತಲೆ ತೂಗಿ "ಕರೆಕ್ಟ್ ಸಾ" ಅಂದ. ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಇವನೊಬ್ಬ ನಯವಂಚಕ ಎಂದು ಆವತ್ತೇ ತೀರ್ಮಾನ ಮಾಡಿದೆ.

ನೋಡಲು ಏನೂ ವಿಶೇಷವಿರಲಿಲ್ಲ. ಗಿಡ್ಡ ಆಳು, ಬಿಳಿ ತುಂಬುತೋಳಿನ ಅಂಗಿ, ಸೊಂಟಕ್ಕೆ ಕರೀ ಬಟ್ಟೆ, ಹೆಗಲ ಮೇಲೊಂದು ಒಗೆದ ಚೌಕ. ಉಗುರುಗಳನ್ನು ಮಾತ್ರ ಮದುಮಗಳ ಹಾಗೆ ಇಟ್ಟುಕೊಂಡಿದ್ದ. ಮೈಗೆ ವಾಸನೆಯ ಸೋಪು ಹಾಕುತ್ತಿರಲಿಲ್ಲ, ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಅಂಗಡಿಯಲ್ಲಿ ಊದುಬತ್ತಿ ಹಚ್ಚುತ್ತಿರಲಿಲ್ಲ. ವೈನಿನ ಪರಿಮಳ ಕೆಡುತ್ತದಂತೆ. ನಂಜುಂಡೇಶ್ವರನ ಊರಲ್ಲಿ ಕೂತು ನಂಜುಂಡೇಶ್ವರನ ಪಟಕ್ಕೆ ಪ್ಲಾಸ್ಟಿಕ್ ಹೂವು ಹಾಕಿದ ಏಕೈಕ ಆಸಾಮಿ ಆತನೇ ಇರಬೇಕು.

ವರ್ಷಕ್ಕೆ ನಾಲ್ಕು ಸಲ, ಕಾಲ ಬದಲಾದಂತೆಲ್ಲ, ಒಂದು ಭಾನುವಾರ ಮಧ್ಯಾಹ್ನ ಆತನ 'ಟೇಸ್ಟಿಂಗ್' ನಡೆಯುತ್ತಿತ್ತು. ಸಂಕ್ರಾಂತಿಗೆ ಅವರೆಕಾಯಿ, ಯುಗಾದಿ ಮಾರನೆಯ ವರ್ಷತೊಡಕಿಗೆ ಮಟನ್, ಆಷಾಢಕ್ಕೆ ಹುರುಳಿ, ದಸರಾಕ್ಕೆ ಸಿಹಿ. ಯಾವ ತಿನಿಸಿಗೆ ಯಾವ ವೈನ್ ಕೂಡುತ್ತದೆ ಎಂದು ಹಿಂದಿನ ವಾರವೆಲ್ಲ ಒಬ್ಬನೇ ಹಿಂದಿನ ಕೋಣೆಯಲ್ಲಿ ಒಲೆ ಹಚ್ಚಿಕೊಂಡು ಬೇಯಿಸಿ, ತಿಂದು, ಮೂಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಬರುತ್ತಿದ್ದವರು ಹತ್ತು ಹನ್ನೊಂದು ಜನ. ಸಿದ್ದರಾಜು, ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್, ಟಿ. ನರಸೀಪುರದಿಂದ ಕಾರು ಮಾಡಿಕೊಂಡು ಬರುವ ಇಬ್ಬರು ಲೆಕ್ಚರರ್‌ಗಳು, ಇನ್ನು ಹೀಗೇ ಕೆಲವರು. ಮತ್ತೆ ನಾನು, ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವನು.

ಮೊದಲ ಟೇಸ್ಟಿಂಗಿಗೆ ಮೈಸೂರಿನಿಂದ ಹಿತ್ತಾಳೆಯದೊಂದು ಪೀಕದಾನಿ ತಂದಿಟ್ಟಿದ್ದ. ವೈನನ್ನು ಬಾಯಲ್ಲಿ ಹೊರಳಿಸಿ ಅದರೊಳಕ್ಕೆ ಉಗಿದು ತೋರಿಸಿದ. ಸಿದ್ದರಾಜು ಗಾಬರಿಯಾಗಿ "ಯಾಕ್ ಸಾ, ಕೆಟ್ಟೋಗದಾ?" ಅಂದ. ರುಚಿ ನೋಡುವವರು ನುಂಗಬಾರದು, ನುಂಗಿದರೆ ಮುಂದಿನದರ ರುಚಿ ತಿಳಿಯುವುದಿಲ್ಲ ಎಂದು ಆತ ವಿವರಿಸಿದ. ಯಾರೂ ಉಗಿಯಲಿಲ್ಲ. ಮೂರನೆಯ ಟೇಸ್ಟಿಂಗ್ ಹೊತ್ತಿಗೆ ಸಿದ್ದರಾಜು ಅದಕ್ಕೆ ಎಲೆಅಡಿಕೆ ಉಗಿಯತೊಡಗಿದ. ಆತ ತುಟಿ ಪಿಟಕ್ಕೆನ್ನದೆ ತೊಳೆದಿಟ್ಟ. ಬೆನ್ನುಮೂಳೆ ಇರುವವನಾದರೆ ಒಂದು ಮಾತಾದರೂ ಹೇಳಬೇಡವೇ?

ಒಂದನ್ನು ಮಾತ್ರ ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳುವಾಗ ಹೊಟ್ಟೆ ಉರಿಯುತ್ತದೆ. ಎರಡನೆಯ ವರ್ಷದ ಸಂಕ್ರಾಂತಿಗೆ ಹಿತಕಿದ ಅವರೆಬೇಳೆ ಸಾರು ಮಾಡಿ, ಜೊತೆಗೆ ತಣ್ಣಗಿನ ಬಿಳಿ ವೈನ್ ಕೊಟ್ಟ. ಒಂದು ತುತ್ತು, ಒಂದು ಗುಟುಕು. ಅವರೆಯ ಸೊಗಡು ಮೂಗಿನವರೆಗೆ ಬಂದು ನಿಂತಿತು. ಅರವತ್ತು ವರ್ಷ ಅವರೆಕಾಯಿ ಸಾರು ತಿಂದ ನನಗೆ ಸೊಗಡು ಅಂದರೆ ಏನು ಎಂಬುದು ಆ ಮಧ್ಯಾಹ್ನ ತಿಳಿಯಿತು. ಕಣ್ಣಲ್ಲಿ ನೀರು ಬಂತು. ಸಾರು ಖಾರ ಅಂತ ಹೇಳಿ ಒರೆಸಿಕೊಂಡೆ. ಆತ "ಕರೆಕ್ಟ್ ಮೇಷ್ಟ್ರೇ, ಖಾರ ಸ್ವಲ್ಪ ಜಾಸ್ತಿ ಆಯ್ತು" ಅಂದ. ಖಾರ ಸರಿಯಾಗಿಯೇ ಇತ್ತು.

ಈ 'ಕರೆಕ್ಟ್' ಎಂಬ ಮಾತೇ ನನಗೆ ಆಗುತ್ತಿರಲಿಲ್ಲ. ವೈನ್ ಸುರಿದು, ಎಲ್ಲರನ್ನೂ ಒಬ್ಬೊಬ್ಬರಾಗಿ ಏನು ವಾಸನೆ ಎಂದು ಕೇಳುವುದು ಆತನ ಪದ್ಧತಿ. ಬ್ಯಾಂಕ್ ಮ್ಯಾನೇಜರ್ "ನೇರಳೆಹಣ್ಣು" ಅನ್ನುವರು. "ಕರೆಕ್ಟ್ ಸಾ." ಒಬ್ಬ ಲೆಕ್ಚರರ್ "ಹಳೇ ಪುಸ್ತಕ" ಅನ್ನುವನು. "ಕರೆಕ್ಟ್ ಸಾ." ಸಿದ್ದರಾಜು "ಯೂರಿಯಾ ಮೂಟೆ ಬಿಚ್ದಂಗೆ ಅದೆ" ಅನ್ನುವನು. ಅದಕ್ಕೂ "ಕರೆಕ್ಟ್ ಸಾ." ಒಂದು ದಿನ ಎಲ್ಲರೂ ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ.

"ಅಲ್ರೀ, ನಿಮ್ಮ ಮೂಗಿಗೆ ನಿಜವಾಗಲೂ ಯೂರಿಯಾ ಬಂತೇನ್ರೀ?"

"ನನ್ ಮೂಗು ನನ್ ಹತ್ರ ಇರ್ಲಿ ಬುಡಿ ಮೇಷ್ಟ್ರೇ."

"ತಪ್ಪು ಅಂತ ಹೇಳಬೇಕಲ್ವಾ? ಇಲ್ದಿದ್ರೆ ಇದೆಲ್ಲ ಕಲಿಸೋದು ಯಾಕೆ?"

"ಗಿರಾಕಿ ನಾಲಿಗೆ ಗಿರಾಕೀದು. ಅದ್ಕೆ ನಾವು ಕೈ ಹಾಕಬಾರ್ದು" ಅಂದ. ಅಂದು, ಲೋಟ ಒರೆಸಲು ಹೊರಟ.

ನನ್ನ ಕ್ಲಾಸಿನಲ್ಲಿ ಏಳೆಂಟ್ಲೆ ಐವತ್ನಾಲ್ಕು ಅಂದವನಿಗೆ ನಾನು 'ಕರೆಕ್ಟ್' ಅಂದಿದ್ದರೆ ಏನಾಗುತ್ತಿತ್ತು? ತಪ್ಪನ್ನು ತಪ್ಪು ಅನ್ನಲಾರದವನು ಮೇಷ್ಟ್ರೂ ಅಲ್ಲ, ಮನುಷ್ಯನೂ ಅಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಆತನ ಮುಖಕ್ಕೆ ಹೇಳಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

ಅಷ್ಟೆಲ್ಲ ತಾತ್ಸಾರ ಇದ್ದವನು ಮತ್ತೆ ಮತ್ತೆ ಯಾಕೆ ಹೋಗುತ್ತಿದ್ದೆ ಅಂತ ಯಾರಾದರೂ ಕೇಳಬಹುದು. ಅಲ್ಲಿ ನನಗೊಂದು ಸ್ಥಾನವಿತ್ತು. ನಮ್ಮಪ್ಪನದು ಕಪಿಲಾ ನದಿಯ ದಂಡೆಯಲ್ಲಿ ರಸಬಾಳೆ ತೋಟ. ನಂಜನಗೂಡು ರಸಬಾಳೆ ಅಂತ ಹೆಸರು ಕೇಳಿದವರು ಲಕ್ಷ ಜನ, ತೋಟದ ಹಣ್ಣು ಗೊನೆಯಿಂದ ಕಿತ್ತು ತಿಂದವರು ಎಷ್ಟು ಜನ? ನಾನು ತಿಂದಿದ್ದೆ. ಒಂದು ಗೊನೆ ಹಣ್ಣಾದರೆ ನಮ್ಮ ಮನೆಗೆ ಬರುವವರಿಗೆ ಬೀದಿಯ ತುದಿಗೇ ಗೊತ್ತಾಗುತ್ತಿತ್ತು. ನನಗೆ ಒಂಬತ್ತು ವರ್ಷವಿದ್ದಾಗ ಸೊರಗು ರೋಗ ಬಂತು. ಎಲೆ ಹಳದಿಯಾಗಿ ಜೋತುಬಿದ್ದು, ಗಿಡ ಸೀಳಿ, ಒಂದೇ ವರ್ಷದಲ್ಲಿ ತೋಟವೆಲ್ಲ ಹೋಯಿತು. ಈ ಕಥೆಯನ್ನು ನಾನು ಕ್ಲಾಸಿನಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಆತನ ಮೇಜಿನ ಮುಂದೆ ಕಡಿಮೆಯೆಂದರೆ ಹತ್ತು ಸಲ ಹೇಳಿದ್ದೇನೆ. ಹೊಸಬರು ಯಾರು ಬಂದರೂ ಆತ ಮೊದಲು ನನ್ನ ಕಡೆ ಕೈ ತೋರಿಸಿ "ಇವ್ರು ರಸಬಾಳೆ ತೋಟದವ್ರು" ಅನ್ನುತ್ತಿದ್ದ. ಮೇಜಿನ ತಲೆಯ ಕಡೆಯ ಕುರ್ಚಿ ನನಗೇ ಮೀಸಲು.

ಮೂರು ವರ್ಷದ ಹಿಂದೆ, ದಸರಾಕ್ಕೆ ಇನ್ನೂ ಹದಿನೈದು ದಿನವಿದ್ದಾಗ, ಬೆಳಗ್ಗೆ ಹತ್ತು ಗಂಟೆಗೆ ನಾನು ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಐವತ್ತು ವರ್ಷದ ಹೆಂಗಸೊಬ್ಬಳು ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಬಾಳೆಎಲೆ ಸುತ್ತಿದ ಎರಡು ಚಿಪ್ಪು ಬಾಳೆಹಣ್ಣು. ಹೆಸರು ಚಿಕ್ಕತಾಯಮ್ಮ, ತಾಂಡವಪುರದಿಂದ ಒಳಕ್ಕೆ ಎರಡು ಮೈಲಿ ಊರು.

"ಅಣ್ಣ, ಇಲ್ಲಿ ಅದೇನೋ ತಿನ್ನಾಕೂ ಕೊಟ್ಟು ರುಚಿ ತೋರುಸ್ತೀರಂತಲ್ಲ. ಇದ್ನೂ ಒಂದ್ಸಲ ಇಟ್ಟು ನೋಡಿ. ರಸಬಾಳೆ ಇದು. ನಮ್ಮತ್ತೆ ಕಾಲದ್ ಕಂದು."

ಅವಳ ಅತ್ತೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎರಡು ಬುಡ ರಸಬಾಳೆಯನ್ನು ಸಾಯುವವರೆಗೂ ಕಾಪಾಡಿಕೊಂಡು ಬಂದಿದ್ದಳಂತೆ. ಊರಲ್ಲೆಲ್ಲ ರೋಗ ಬಂದು ಹೋದರೂ ಅದಕ್ಕೆ ಬರಲಿಲ್ಲವಂತೆ. ಅತ್ತೆ ಸತ್ತ ಮೇಲೆ ಈಕೆ ಅದರ ಬುಡದಲ್ಲಿ ಒಡೆದ ಕಂದುಗಳನ್ನು ಕಿತ್ತು ಅರ್ಧ ಎಕರೆಗೆ ಹಾಕಿದ್ದಳು. ಫಸಲು ಬಂದಿತ್ತು. ಮಾರುಕಟ್ಟೆಯಲ್ಲಿ ಮಾತ್ರ ಯಾರೂ ಅದನ್ನು ರಸಬಾಳೆ ಎಂದು ಒಪ್ಪುತ್ತಿರಲಿಲ್ಲ.

"ಸಿಪ್ಪೆ ಮ್ಯಾಲೆ ಮಚ್ಚೆ ಅದೆ, ರಸಬಾಳೆ ಇಂಗಿರಲ್ಲ ಅಂತಾರೆ. ಭೂಮಿ ನಂದೂ ನಮ್ ಮೈದುನಂದೂ ಜಂಟಿ. ಅವ್ನು ಇವನ್ನೆಲ್ಲ ಕಿತ್ತು ಏಲಕ್ಕಿ ಬಾಳೆ ಆಕುವ ಅಂತಾನೆ. ಗೊತ್ತಿರೋರು ನಾಕ್ ಜನ ತಿಂದು, ಔದು ಇದೇಯಾ ಅಂದ್ರೆ ಬುಡ್ತೀನಿ, ನಿಮ್ಮಿಷ್ಟ ಅಂದವ್ನೆ."

ಆತ ಒಂದು ಹಣ್ಣು ಸುಲಿದ. ಕಾಗದದಷ್ಟು ತೆಳ್ಳನೆಯ ಸಿಪ್ಪೆ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ನೀರು ಕುಡಿದು ಇನ್ನೊಂದು ತಿಂದ. ಆಮೇಲೆ "ದಸರಾ ಟೇಸ್ಟಿಂಗ್‌ಗೆ ಇಡ್ತೀನಿ ಕಣಮ್ಮ. ಲಾರೀಲಿ ಬರೋ ಹಣ್ಣನ್ನೂ ಪಕ್ಕದಲ್ಲಿ ಇಡ್ತೀನಿ. ನಿಮ್ ಮೈದುನನ್ನೂ ಕರ್ಕೊಂಡ್ ಬನ್ನಿ, ಅವ್ರೇ ಕಿವಿಯಾರೆ ಕೇಳ್ಲಿ" ಅಂದ. ನನ್ನ ಕಡೆ ತಿರುಗಿ "ಇವ್ರು ಇರ್ತಾರೆ. ರಸಬಾಳೆ ತೋಟದವ್ರು" ಅಂದ. ಆಕೆ ನನಗೆ ಕೈ ಮುಗಿದಳು. ನನಗೂ ಒಂದು ಹಣ್ಣು ಕೊಟ್ಟರು. ತೀರ್ಪು ಹೇಳುವವನು ಮೊದಲೇ ಬಾಯಿ ಹಾಕಬಾರದು ಎಂಬ ದೊಡ್ಡಸ್ತಿಕೆ ನನಗೆ. "ಆವತ್ತೇ ತಿಂದು ಹೇಳ್ತೀನಿ" ಎಂದು ಹಿಂದಕ್ಕೆ ಕೊಟ್ಟೆ.

ಆ ಭಾನುವಾರ ನಾವು ಹನ್ನೊಂದು ಜನ. ಕೋಡುಬಳೆ, ರವೆಉಂಡೆ, ಅವಕ್ಕೆ ತಕ್ಕ ವೈನು ಎಲ್ಲ ಆಯಿತು. ಕೊನೆಗೆ ಆತ ಸಿಹಿ ವೈನನ್ನು ಸಣ್ಣ ಲೋಟಗಳಲ್ಲಿ ಹಾಕಿಟ್ಟು ಹಿಂದಿನ ಕೋಣೆಗೆ ಹೋದ. ಅಲ್ಲಿ ಚಿಕ್ಕತಾಯಮ್ಮ ತನ್ನ ಹಣ್ಣನ್ನು ತಾನೇ ಸುಲಿದು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಒಂದು ತಟ್ಟೆಗೆ ಹಾಕಿದ್ದಳು. ಲಾರಿ ಹಣ್ಣನ್ನು ಆತ ಹೆಚ್ಚಿ ಇನ್ನೊಂದಕ್ಕೆ ಹಾಕಿದ್ದ. ಸಿಪ್ಪೆ ನೋಡಿ ಯಾರೂ ಊಹಿಸಬಾರದು, ನಾಲಿಗೆ ಒಂದೇ ಹೇಳಬೇಕು ಎಂಬುದು ಅದರ ಉದ್ದೇಶ. ಎರಡು ತಟ್ಟೆಯನ್ನೂ ಮೈದುನನೇ ಹೊತ್ತು ತಂದು ಮೇಜಿನ ಎಡಕ್ಕೊಂದು ಬಲಕ್ಕೊಂದು ಇಟ್ಟ. ಯಾವುದು ಯಾರದು ಎಂದು ಆ ಮೂವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಆಕೆ ಬಂದು ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಒಂದು ನಂಜನಗೂಡು ರಸಬಾಳೆ, ಈ ಅಮ್ಮ ಬೆಳ್ದಿರೋದು. ಇನ್ನೊಂದು ಲಾರೀದು. ಯಾವ್ದು ಯಾವ್ದು ಅಂತ ಹೇಳ್ಬೇಕು. ಮೊದ್ಲು ಮೇಷ್ಟ್ರು" ಅಂದ.

ನಾನು ಎಡಗಡೆಯದನ್ನು ತಿಂದೆ. ಮೆತ್ತಗೆ, ದಪ್ಪ ಸಿಹಿ, ಬಾಯಿ ತುಂಬ ಹರಡಿಕೊಂಡಿತು. ಒಂದು ಗುಟುಕು ವೈನ್. ಬಲಗಡೆಯದನ್ನು ತಿಂದೆ. ನಾಲಿಗೆಯ ತುದಿಗೆ ಚೂರು ಹುಳಿ ಚುಚ್ಚಿತು, ಎಂಥದೋ ವಾಸನೆ ಮೂಗಿಗೇರಿ ಹೋಯಿತು. ಯೋಚಿಸುವ ಗೋಜಿಗೇ ಹೋಗಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಎಡಗಡೇದು" ಅಂದೆ. "ಇದರಲ್ಲಿ ಅನುಮಾನವೇ ಇಲ್ಲ. ನಮ್ಮಪ್ಪನ ತೋಟದ ಹಣ್ಣು ತಿಂದಂಗಾಯ್ತು. ಬಲಗಡೇದು ಯಾವುದೋ ಕಾಡುಬಾಳೆ, ಹುಳಿ."

ಆಮೇಲೆ ಬ್ಯಾಂಕ್ ಮ್ಯಾನೇಜರ್ ಎಡ ಅಂದರು. ಲೆಕ್ಚರರ್‌ಗಳು ಎಡ ಅಂದರು. ಸಿದ್ದರಾಜು "ಬಲಗಡೇದೂ ಏನೋ ಗಮ್ ಅಂತದಲ್ಲ" ಎಂದು ಶುರು ಮಾಡಿದವನು ನನ್ನ ಮುಖ ನೋಡಿ "ಎಡಾನೇ ಬುಡಿ" ಅಂದ. ಹನ್ನೊಂದೂ ಜನ ಎಡ. ಎಲ್ಲರೂ ಆತನ ಕಡೆ ತಿರುಗಿದೆವು.

ಆತ ಚೌಕವನ್ನು ಕೈಗೆ ಸುತ್ತಿಕೊಂಡು ನಿಂತಿದ್ದ. ನನ್ನನ್ನು ನೋಡಿದ. ಬಾಗಿಲ ಕಡೆ ನೋಡಿದ. ಮತ್ತೆ ನನ್ನನ್ನು ನೋಡಿದ. ತುಟಿ ಒಮ್ಮೆ ಅಲ್ಲಾಡಿತು.

"ಮೇಷ್ಟ್ರು ಹೇಳಿದ್ಮೇಲೆ ಇನ್ನೇನಿದೆ. ಕರೆಕ್ಟ್ ಸಾ" ಅಂದ.

ಚಪ್ಪಾಳೆ ಬಿತ್ತು. ಆಕೆಯನ್ನು ಗೆಲ್ಲಿಸಿಬಿಟ್ಟೆ ಎಂಬ ಖುಷಿಯಲ್ಲಿ ನಾನು ಬಾಗಿಲ ಕಡೆ ತಿರುಗಿದೆ. ಚಿಕ್ಕತಾಯಮ್ಮ ಚೀಲ ಎತ್ತಿಕೊಳ್ಳುತ್ತಿದ್ದಳು. ಮೈದುನ ಮೆಲ್ಲಗೆ "ಕೇಳುಸ್ಕೊಂಡ್ರಾ ಅತ್ಗೆ" ಅಂದ. ಇಬ್ಬರೂ ಮೆಟ್ಟಿಲಿಳಿದು ಹೋದರು. ಗೆದ್ದವಳು ಹೀಗೇಕೆ ಹೋದಳು ಎಂದು ನನಗೆ ಅರ್ಥವಾಗಲಿಲ್ಲ. ನಾಚಿಕೆ ಸ್ವಭಾವ ಇರಬೇಕು ಅಂದುಕೊಂಡೆ.

ಎಲ್ಲರೂ ಹೋದ ಮೇಲೆ ಆತ ತಟ್ಟೆ ತೊಳೆಯುತ್ತಿದ್ದ. ನಾನು ಹೋಗಿ "ಇನ್ನು ಆಯಮ್ಮನ ತೋಟಕ್ಕೆ ಭಯ ಇಲ್ಲ ಬಿಡಿ" ಅಂದೆ.

ಆತ ತಲೆ ಎತ್ತಲಿಲ್ಲ. "ಎಡಗಡೇದು ಲಾರೀದು ಮೇಷ್ಟ್ರೇ. ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ರ ನಾನೇ ತಂದೆ. ಆಯಮ್ಮಂದು ಬಲಗಡೇದು."

"ಬಲಗಡೇದು ರಸಬಾಳೆನಾ?"

"ಅದೇ ರಸಬಾಳೆ. ಆವತ್ತು ಒಂದು ತಿನ್ನುತ್ಲೇ ಗೊತ್ತಾಯ್ತು."

ನಾನು ದನಿ ಎತ್ತಿದೆ. "ಗೊತ್ತಿದ್ದೂ ಕರೆಕ್ಟ್ ಅಂದ್ರಾ? ಆ ಹೆಂಗಸಿನ ಮುಂದೆ? ನೀವೂ ಒಬ್ರು ಮನುಷ್ಯರೇನ್ರೀ?"

"ನೀವು ಅಪ್ಪನ ಹೆಸ್ರು ಎತ್ತಿಬುಟ್ರಲ್ಲ" ಅಂದ. "ಅಷ್ಟು ಜನದ ಮುಂದೆ, ಆಮೇಲೆ ನಾನೇನ್ ಹೇಳ್ಲಿ?"

ಇನ್ನೂ ನಾಲ್ಕು ಮಾತು ಬೈದೆ. ಹೇಡಿ ಅಂದೆ, ಬಡಿಸುವವನ ಬುದ್ಧಿ ಅಂದೆ. ಆತ ಎಲ್ಲವನ್ನೂ ಕೇಳಿಸಿಕೊಂಡು ತಟ್ಟೆ ಒರೆಸಿಟ್ಟ. "ನಾಳೆ ಬೆಳಿಗ್ಗೆ ಅವ್ರ ಊರಿಗೆ ಹೋಗಿ ನಿಜ ಹೇಳಿ ಬರ್ತೀನಿ. ನೀವೂ ಬನ್ನಿ ಮೇಷ್ಟ್ರೇ, ನೀವು ಹೇಳಿದ್ರೆ ತೂಕ" ಅಂದ. ನಾಳೆ ನನಗೆ ಕೆಲಸವಿದೆ ಅಂದೆ. ರಿಟೈರ್ ಆದವನಿಗೆ ಸೋಮವಾರ ಬೆಳಗ್ಗೆ ಏನು ಕೆಲಸ ಎಂದು ಆತ ಕೇಳಲಿಲ್ಲ.

ಆಮೇಲೆ ನಾನು ಟೇಸ್ಟಿಂಗಿಗೆ ಹೋಗುವುದನ್ನು ಬಿಟ್ಟೆ ಅಂತ ಬರೆಯಲು ಆಸೆ. ಬಿಡಲಿಲ್ಲ. ಸಂಕ್ರಾಂತಿಗೆ ಹೋದೆ, ಅವರೆಕಾಯಿ ಸಾರು ತಿಂದೆ. ಹೊಸಬರು ಬಂದಾಗ ಆತ ಎಂದಿನಂತೆ ನನ್ನ ಕಡೆ ಕೈ ತೋರಿಸಿ "ಇವ್ರು ರ‌ಸಬಾಳೆ ತೋಟದವ್ರು" ಅಂದ. ವ್ಯಂಗ್ಯವಾಗಿ ಅಂದಿದ್ದರೆ ಎದ್ದು ಬರುತ್ತಿದ್ದೆ. ಆತನ ದನಿಯಲ್ಲಿ ವ್ಯಂಗ್ಯದ ಸುಳಿವೇ ಇರಲಿಲ್ಲ. ಹೀಗೆ ಮೂರು ವರ್ಷ. ಚಿಕ್ಕತಾಯಮ್ಮನ ಊರಿಗೆ ನಾನು ಯಾವಾಗಲಾದರೂ ಹೋದೆನೇ, ಹೋಗಿ ಏನು ಹೇಳಿದೆ ಎಂದು ಆತ ಒಂದು ಸಲವೂ ಕೇಳಲಿಲ್ಲ. ಈ ಕೇಳದಿರುವ ಮರ್ಯಾದೆಯನ್ನು ಕಂಡರೆ ನನಗೆ ಅಸಹ್ಯ. ಒಂದು ಸಲ ಕೇಳಿದ್ದರೆ, ಬೈದಿದ್ದರೆ, ಆ ಮನುಷ್ಯನನ್ನು ನಾನು ಸ್ವಲ್ಪವಾದರೂ ಕ್ಷಮಿಸುತ್ತಿದ್ದೆ.

ನಾನು ಹೋಗಿದ್ದೆ. ಆ ದಸರಾ ಆಗಿ ಎಂಟು ದಿನಕ್ಕೆ, ಯಾರಿಗೂ ಹೇಳದೆ. ತಾಂಡವಪುರದಲ್ಲಿ ಬಸ್ಸಿಳಿದು ನಡೆದೆ. ಬಸ್ಸಿನಲ್ಲಿ ಕೂತಾಗ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹತ್ತು ಸಲ ಒಪ್ಪಿಸಿಕೊಂಡಿದ್ದೆ. 'ಅಮ್ಮ, ನನ್ನ ನಾಲಿಗೆ ತಪ್ಪಿತು. ನಿಮ್ಮದೇ ರಸಬಾಳೆ. ನಮ್ಮಪ್ಪನ ತೋಟ ಹೋದಾಗ ನನಗಿನ್ನೂ ಒಂಬತ್ತು ವರ್ಷ. ಆಮೇಲೆ ಐವತ್ತು ವರ್ಷ ತಿಂದದ್ದೆಲ್ಲ ಅಂಗಡಿ ಹಣ್ಣೇ. ನನಗೆ ಗುರುತು ಸಿಗಲಿಲ್ಲ.' ಕಷ್ಟದ ಮಾತೇನಲ್ಲ.

ಹೊಲದ ಬದುವಿನ ಮೇಲೆ ಕಿತ್ತ ಬಾಳೆದಿಂಡಿನ ರಾಶಿ ಬಿದ್ದಿತ್ತು. ಅರ್ಧ ಎಕರೆಯೂ ಖಾಲಿ. ಮನೆಯ ಮುಂದೆ ಚಿಕ್ಕತಾಯಮ್ಮ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಜಗಲಿಯ ಮೇಲೆ ಚಾಪೆ ಹಾಸಿ, ಕಾಫಿ ತಂದುಕೊಟ್ಟಳು. ಮೈದುನ ಕಂಬಕ್ಕೆ ಒರಗಿ ನಿಂತ.

"ಅಂಗಡಿಯವ್ರು ಮಾರ್ನೇ ದಿನ್ವೇ ಬಂದಿದ್ರು ಮೇಷ್ಟ್ರೇ" ಅಂದಳು. "ನಿಮ್ದೇ ನಿಜವಾದ್ದು ಕಣಮ್ಮ, ನಾನು ಬಾಯ್ ಬುಡ್ನಿಲ್ಲ, ತಪ್ಪಾಯ್ತು, ಕೀಳ್ಬ್ಯಾಡಿ ಅಂತ ಕೈ ಮುಗುದ್ರು."

ಮೈದುನ ನಡುವೆ ಬಾಯಿ ಹಾಕಿದ. "ವ್ಯಾಪಾರದೋನು ಸಾ. ಅಂಗ್ಡೀಲಿ ಗಿರಾಕಿಗೊಂದು ಯೋಳ್ತಾನೆ, ಇಲ್ಲಿ ಬಂದು ಸಮಾಧಾನಕ್ಕೊಂದು ಯೋಳ್ತಾನೆ. ಯಾವ್ದ ನಂಬಾದು? ನೀವು ತೋಟದೋರ ಮಗ. ನೀವು ಯೋಳುದ್ಮ್ಯಾಲೆ ನಾನು ಕಿತ್ತಿದ್ದು."

"ಅತ್ತೆ ಆಕಿದ್ದ ಬುಡ ಮಾತ್ರ ಬುಟ್ಟಿವ್ನಿ, ಇತ್ಲಲ್ಲಿ" ಅಂದಳು ಆಕೆ. "ಕಂದು ಬುಟ್ಟದೆ. ಮುಂದಿನ್ ವರ್ಸ ಮತ್ತೆ ಆಕಾಣ ಅಂತ ಒಂದೊಂದ್ಸಲ ಅನ್ಸದೆ. ಅಂಗಡಿಯೋರ ಮಾತು ಕಿವೀಲೇ ಅದೆ. ನಿಮ್ ಮಾತೂ ಅದೆ. ನೀವು ದೊಡ್ಡೋರು, ನೀವೇ ಯೋಳಿ ಮೇಷ್ಟ್ರೇ. ಇದು ರಸಬಾಳೆಯಾ ಅಲ್ವಾ? ನಮ್ಮತ್ತೆ ಸಾಯಗಂಟ ರಸಬಾಳೆ ರಸಬಾಳೆ ಅಂತಲೇ ನೀರುಯ್ದಳು. ಸುಳ್ಳೇಳ್ತಿದ್ಲಾ?"

ಬಾಯಿ ತೆರೆದೆ. ಮೈದುನ ನನ್ನನ್ನೇ ನೋಡುತ್ತಿದ್ದ. ನಾನು ಹೇಳಿದೆನೆಂದು ಅರ್ಧ ಎಕರೆ ಕಿತ್ತವನು ಅವನು. ಈಗ ತಪ್ಪು ಅಂದರೆ ಆ ದಿಂಡಿನ ರಾಶಿ ನನ್ನ ತಲೆಯ ಮೇಲೆ. ಅದೂ ಹೋಗಲಿ, ನನ್ನ ಅಪ್ಪನ ಹಣ್ಣಿನ ರುಚಿಯೇ ನನಗೆ ನೆನಪಿಲ್ಲ ಎಂದು ಇವರ ಮುಂದೆ ಹೇಳಬೇಕು. ಜೀವಮಾನವೆಲ್ಲ ಹೇಳಿಕೊಂಡು ಬಂದ ಕಥೆ ಅದು.

"ಅಲ್ಲ ಕಣಮ್ಮ" ಅಂದೆ. "ರಸಬಾಳೆ ಅಲ್ಲ ಅದು."

ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ನಾಲಿಗೆ ತೊದಲಲಿಲ್ಲ.

ಚಿಕ್ಕತಾಯಮ್ಮ ಸುಮ್ಮನೆ ತಲೆಯಾಡಿಸಿದಳು. ಅಳಲಿಲ್ಲ. ಮೈದುನನ ಕಡೆ ತಿರುಗಿದಳು.

"ಒಗಿಯೋ ಕಲ್ಲು ತಾವ ಇರೋ ಬುಡಾನೂ ಕಿತ್ತಾಕ್ಬುಡಪ್ಪ. ನೋಡ್ದಾಗ್ಲೆಲ್ಲ ಅತ್ತೆ ಮ್ಯಾಲೆ ಕ್ವಾಪ ಬತ್ತದೆ."

ಅವನು ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಹಿತ್ತಲಿಗೆ ಹೋದ. ಮೊದಲ ಏಟು ಬಿದ್ದದ್ದು ಜಗಲಿಗೆ ಕೇಳಿಸಿತು. ನಾನು ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಬರ್ತೀನಿ ಕಣಮ್ಮ ಅಂದೆ.